ಯಮ್ನಾಳ ಮಗಳ ಒಂದು ನಿಮಿಷ

ಸೆಫ್ರು ಊರಿನ ಹಳೇ ಕೋಟೆಯೊಳಗೆ, ಹೊಳೆಯ ಸೇತುವೆ ದಾಟಿ ಎಡಕ್ಕೆ ಹೊರಳಿದರೆ ನಮ್ಮ ಕೇರಿಯ ಹಮ್ಮಾಮು, ಅಂದರೆ ಹಬೆಯ ಸ್ನಾನದ ಮನೆ. ಅಲ್ಲಿ ಮೈ ಉಜ್ಜುವ ಯಮ್ನಾಳ ಕೈಗೆ ಬೆನ್ನು ಕೊಡದ ಹೆಂಗಸು ಕೇರಿಯಲ್ಲಿ ಒಬ್ಬಳೂ ಇಲ್ಲ. ಯಾರ ಬೆನ್ನಲ್ಲಿ ಮಚ್ಚೆ, ಯಾರ ಹೊಟ್ಟೆಯ ಮೇಲೆ ಆಪರೇಷನ್ನಿನ ಗೆರೆ, ಯಾರ ತೋಳಿನಲ್ಲಿ ಗಂಡನ ಬೆರಳಿನ ಗುರುತು, ಎಲ್ಲವೂ ಅವಳಿಗೆ ಗೊತ್ತು. ಗಂಡಿನ ಕಡೆಯವರು ಹೆಣ್ಣು ಕೇಳುವುದಕ್ಕೆ ಮೊದಲು ಸದ್ದಿಲ್ಲದೆ ಬಂದು ಅವಳನ್ನು ವಿಚಾರಿಸುತ್ತಾರೆ. "ಹುಡುಗಿ ಅಪ್ಪಟ ಚಿನ್ನ" ಅನ್ನುತ್ತಾಳೆ. ಎಲ್ಲ ಹುಡುಗಿಯರ ಬಗ್ಗೆಯೂ ಅದೇ ಮಾತು. ಇಪ್ಪತ್ತು ವರ್ಷದಲ್ಲಿ ಆ ಹಬೆಯ ಒಳಗಿನ ಒಂದು ಸಂಗತಿಯೂ ಅವಳ ಬಾಯಿಂದ ಬೀದಿಗೆ ಬಂದಿಲ್ಲ.

ಇಂಥವಳ ಒಬ್ಬಳೇ ಮಗಳು ಗಿಜ್ಲಾನ್. ಹದಿನೈದು ವರ್ಷ. ಅಪ್ಪ ಇನ್ನೊಬ್ಬಳನ್ನು ಕಟ್ಟಿಕೊಂಡು ಮೆಕ್ನೆಸ್ ಪಟ್ಟಣ ಸೇರಿದಾಗ ಇವಳಿನ್ನೂ ತೊದಲುತ್ತಿದ್ದಳು. ದೊಡ್ಡವಳಾದ ಮೇಲೆ ಆ ತೊದಲೂ ಹೋಗಿ ಬಾಯಿಗೆ ಬೀಗವೇ ಬಿತ್ತು. ಶಾಲೆಯಲ್ಲಿ ಮೇಷ್ಟ್ರು ಹೆಸರು ಹಿಡಿದು ಕೂಗಿದರೆ ಎದ್ದು ನಿಲ್ಲುವಳು, ಕಿವಿ ಕೆಂಪಾಗುವುದು, ಉತ್ತರ ಬರುತ್ತಿರಲಿಲ್ಲ. ಉತ್ತರ ಗೊತ್ತಿಲ್ಲ ಅಂತಲ್ಲ. ಪುಟ್ಟ ಹುಡುಗಿಯಾಗಿದ್ದಾಗ ಪಕ್ಕದಲ್ಲಿ ಕೂತ ಯಾರೋ ಮೂಗು ಹಿಡಿದು "ಇವಳ ಹತ್ತಿರ ಸೋಪಿನ ವಾಸನೆ" ಅಂದಿದ್ದರು. ಅಂದವರು ಮರುದಿನವೇ ಮರೆತಿರುತ್ತಾರೆ. ಇವಳು ಮರೆಯಲಿಲ್ಲ. ಆಲಿವ್ ಎಣ್ಣೆಯ ಆ ಕಪ್ಪು ಸೋಪಿನ ವಾಸನೆ ಅಮ್ಮನ ಕೈಯಿಂದ, ಅಮ್ಮ ತಟ್ಟಿದ ರೊಟ್ಟಿಯಿಂದ, ಅಮ್ಮ ಹೆಣೆದ ಜಡೆಯಿಂದ ಬರುತ್ತದೆ ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಬಾಯಿ ತೆರೆದರೆ ನಾಲ್ಕು ಜನ ತನ್ನ ಕಡೆ ನೋಡುತ್ತಾರೆ, ನೋಡಿದರೆ ಮೂಗು ಹಿಡಿಯುತ್ತಾರೆ. ಆದ್ದರಿಂದ ಬಾಯಿ ತೆರೆಯದಿರುವುದೇ ವಾಸಿ ಅಂತ ಅವಳ ಲೆಕ್ಕ.

ಆ ವರ್ಷ ಹೊಸ ಪೇಟೆಯ ಯುವಜನ ಕೇಂದ್ರದಲ್ಲಿ ಶಾಲೆ ಬಿಟ್ಟ ಮೇಲೆ ಇಂಗ್ಲಿಷ್ ಕ್ಲಾಸು ಶುರುವಾಯಿತು. ಬುಧವಾರ ಮತ್ತು ಶನಿವಾರ, ಪುಕ್ಕಟೆ. ಹೆಸರು ಬರೆಸಿದ್ದು ಯಮ್ನಾ. ಹಮ್ಮಾಮಿಗೆ ಬಂದ ಯಾರೋ ಮೇಷ್ಟ್ರ ಹೆಂಡತಿಯ ಬೆನ್ನು ತಿಕ್ಕುತ್ತ ತಿಕ್ಕುತ್ತ ವಿಷಯ ತಿಳಿದುಕೊಂಡು, ಮರುದಿನ ಬೆಳಿಗ್ಗೆಯೇ ಜೆಲ್ಲಾಬಾ ನಿಲುವಂಗಿ ತೊಟ್ಟು ಹೋಗಿ ಸಾಲಿನಲ್ಲಿ ನಿಂತಿದ್ದಳು. ಓದು ಬಾರದವಳು. ಅರ್ಜಿಯನ್ನು ಅಲ್ಲಿದ್ದ ಕಾವಲುಗಾರನ ಕೈಲಿ ಬರೆಸಿದಳು.

"ನಾನ್ ಹೋಗಲ್ಲ," ಅಂದಳು ಗಿಜ್ಲಾನ್.

"ಹೋಗ್ತೀಯ."

"ಅಲ್ಲಿ ಎಲ್ಲರೂ ಮಾತಾಡ್ಬೇಕಂತಮ್ಮ."

"ಅದಕ್ಕೇ ಕಣೇ ಕಳಿಸ್ತಿರೋದು. ಸುಮ್ನೆ ಕೂರೋಕೆ ಮನೇಲಿ ಜಾಗ ಇಲ್ವಾ?"

ಕ್ಲಾಸು ತೆಗೆದುಕೊಳ್ಳುತ್ತಿದ್ದವಳು ಅಮೆರಿಕದಿಂದ ಬಂದ ಮಿಸ್ ಲಾರೆಲ್. ಕಡ್ಡಿಯಂಥ ಹುಡುಗಿ, ಇಪ್ಪತ್ತೈದು ದಾಟಿರಲಾರದು. ಅರಬ್ಬಿಯನ್ನು ಎಡವುತ್ತ ಎಡವುತ್ತ ಆಡುತ್ತಿದ್ದಳು, ನಾಚಿಕೆ ಅನ್ನುವುದೇ ಇರಲಿಲ್ಲ. ಅವಳ ಮೇಜಿನ ಮೇಲೆ ಒಂದು ಪುಟ್ಟ ಮರಳಿನ ಗಡಿಯಾರ, ತಿರುಗಿಸಿಟ್ಟರೆ ಮರಳು ಕೆಳಗಿಳಿಯಲು ಸರಿಯಾಗಿ ಒಂದು ನಿಮಿಷ. ಅವಳದೊಂದು ಪದ್ಧತಿ: ಕ್ಲಾಸಿನ ಮೊದಲಿಗೆ ಒಬ್ಬೊಬ್ಬರಾಗಿ ಎದ್ದು ಒಂದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ತಪ್ಪಾದರೂ ಸರಿ, ಹೇಳಿದ್ದನ್ನೇ ಹೇಳಿದರೂ ಸರಿ. ಮರಳು ಮುಗಿಯುವ ತನಕ ಕೂರುವ ಹಾಗಿಲ್ಲ. ಮಾತು ಬರದಿದ್ದರೆ ಸುಮ್ಮನೆ ನಿಂತಿರಬೇಕು. ಗಿಜ್ಲಾನ್ ಎರಡು ತಿಂಗಳು ಸುಮ್ಮನೆ ನಿಂತಳು. ಹೆಸರು ಹೇಳುವಳು, ಊರು ಹೇಳುವಳು, ಆಮೇಲೆ ಗೋಡೆಯ ಮೇಲಿನ ಭೂಪಟ ನೋಡುತ್ತ ನಿಲ್ಲುವಳು. ಹುಡುಗರು ಕಿಸಕ್ಕನೆ ನಕ್ಕರೆ ಮಿಸ್ ಕಣ್ಣು ಬಿಡುವಳು. ಮರಳು ಮುಗಿದ ಮೇಲೆ ಯಾವಾಗಲೂ "ಚೆನ್ನಾಗಿ ನಿಂತೆ" ಅನ್ನುವಳು. ಅದು ಹೊಗಳಿಕೆಯೋ ಅಲ್ಲವೋ ಗಿಜ್ಲಾನಳಿಗೆ ಕೊನೆಗೂ ಗೊತ್ತಾಗಲಿಲ್ಲ.

ಮೂರನೆಯ ತಿಂಗಳು ಒಂದು ಬುಧವಾರ ಮಿಸ್ ಎಲ್ಲರಿಗೂ ಒಂದೇ ವಿಷಯ ಕೊಟ್ಟಳು. ನಮ್ಮಮ್ಮ ಏನು ಕೆಲಸ ಮಾಡುತ್ತಾಳೆ.

ಇವಳಿಗಿಂತ ಮೊದಲು ಎದ್ದ ಹುಡುಗನ ತಾಯಿ ಬ್ಯಾಂಕಿನಲ್ಲಿದ್ದಳು, ಅವನ ಹಿಂದಿನವಳ ತಾಯಿ ಶಾಲೆಯಲ್ಲಿ. ಗಿಜ್ಲಾನ್ ಎದ್ದಳು. ಗಡಿಯಾರ ತಿರುಗಿತು. ಅವತ್ತು ಅದು ಹೇಗಾಯಿತೋ ದೇವರೇ ಬಲ್ಲ. ನಾಲಗೆ ಹೊರಳಿಬಿಟ್ಟಿತು. "ನಮ್ಮ ತಾಯಿ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾರೆ," ಅಂದಳು ಇಂಗ್ಲಿಷಿನಲ್ಲಿ. "ಹೆಂಗಸರ ಚರ್ಮದ ಆರೈಕೆ ಅವರ ಕೆಲಸ. ಬಿಳಿ ಕೋಟು ಹಾಕುತ್ತಾರೆ. ಕೋಟಿನ ಜೇಬಿನಲ್ಲಿ ನೀಲಿ ಪೆನ್ನು ಇರುತ್ತದೆ. ಎಲ್ಲರೂ ಅವರಿಗೆ ಗೌರವ ಕೊಡುತ್ತಾರೆ. ಮನೆಗೆ ಬಂದಾಗ ಅವರ ಕೈ ತುಂಬ ಸ್ವಚ್ಛವಾಗಿರುತ್ತದೆ." ಒಂದು ಮಾತು ಇನ್ನೊಂದನ್ನು ಎಳೆದುಕೊಂಡು ಬಂತು. ಮರಳು ಮುಗಿದ ಮೇಲೂ ಮಾತು ಮುಗಿಯಲಿಲ್ಲ. ಮಿಸ್ ಲಾರೆಲ್ ಎದ್ದು ನಿಂತು ಚಪ್ಪಾಳೆ ತಟ್ಟಿದಳು, ಅವಳ ಕಣ್ಣಲ್ಲಿ ನೀರು. ಇಡೀ ಕ್ಲಾಸು ತಟ್ಟಿತು.

ಯೋಚಿಸಿ ನೋಡಿ. ಹುಟ್ಟಿದಾಗಿನಿಂದ ಮೊದಲ ಸಲ ಆ ಹುಡುಗಿ ಹತ್ತು ಜನರ ಎದುರು ತಲೆಯೆತ್ತಿ ಮಾತಾಡಿದ್ದು, ಅದೂ ಹಸೀ ಸುಳ್ಳು.

ಆ ಕ್ಲಾಸಿನಲ್ಲಿ ಇವಳ ಮನೆಯ ಗುಟ್ಟು ಗೊತ್ತಿದ್ದವಳು ಒಬ್ಬಳೇ, ಪಕ್ಕದ ಓಣಿಯ ವಿಯಾಮ್. ದಾರಿಯಲ್ಲಿ ತೋಳು ಚಿವುಟಿದಳು. "ಕ್ಲಿನಿಕ್ಕಾ? ಹೋದ ಗುರುವಾರ ನಿಮ್ಮಮ್ಮ ನನ್ನ ಬೆನ್ನಿನ ಚರ್ಮ ಕಿತ್ತು ಕೈಗೆ ಕೊಟ್ಟಿದ್ದು ಯಾವ ಕ್ಲಿನಿಕ್ಕಲ್ಲೇ?"

"ಮೆಲ್ಲಗೆ ಕಣೇ!"

"ಬಿಳಿ ಕೋಟಂತೆ! ವೀಲಿ, ವೀಲಿ, ಅಯ್ಯಯ್ಯೋ! ಅಲ್ಲಿ ಚಡ್ಡಿ ಬಿಟ್ರೆ ಮೈಮೇಲೆ ಏನೂ ಇರಲ್ಲ, ಪೆನ್ನು ಎಲ್ಲಿ ಸಿಕ್ಕಿಸ್ಕೋತಾರೆ?"

ಗಿಜ್ಲಾನಳಿಗೂ ನಗು ಬಂತು. ನಕ್ಕ ತಕ್ಷಣ ಹಿಂದೆ ಮುಂದೆ ನೋಡಿದಳು. "ಯಾರಿಗೂ ಹೇಳ್ಬೇಡ, ನಿನ್ ಕಾಲಿಗೆ ಬೀಳ್ತೀನಿ," ಅಂದಳು. ವಿಯಾಮ್ ಬಾಯಿಬಡುಕಿಯಾದರೂ ಕೆಟ್ಟವಳಲ್ಲ, ಹೇಳಲಿಲ್ಲ. ಅಲ್ಲಿಂದಾಚೆಗೆ ಗಿಜ್ಲಾನ್ ಬದಲಾಗಿಬಿಟ್ಟಳು. ಕ್ಲಾಸಿನಲ್ಲಿ ಕೈ ಎತ್ತುವಳು. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರ ತಪ್ಪನ್ನೇ ಒಂದು ಸಲ ತೋರಿಸಿದಳು. ಮನೆಯಲ್ಲಿ ಚಾ ಕುದಿಸುತ್ತ ಇಂಗ್ಲಿಷಿನಲ್ಲಿ ಗುನುಗಿದರೆ ಯಮ್ನಾ ಒಲೆಯ ಪಕ್ಕ ಕೂತು, ಏನೂ ಅರ್ಥವಾಗದೆ, ಬಾಯಿ ತೆರೆದು ಕೇಳುವಳು. ಹಮ್ಮಾಮಿನಲ್ಲಂತೂ ಅದೇ ಪುರಾಣ. "ನನ್ ಮಗಳು ಇಂಗ್ಲಿಷಲ್ಲಿ ನೀರು ಕುಡ್ದಂಗೆ ಮಾತಾಡ್ತಾಳೆ," ಅನ್ನುತ್ತ ಒಬ್ಬೊಬ್ಬರ ಬೆನ್ನನ್ನೂ ಎರಡು ಸಲ ಹೆಚ್ಚಿಗೆ ತಿಕ್ಕುವಳು.

ಗುರುವಾರ ಸಂಜೆ ಗಿಜ್ಲಾನಳ ಸ್ನಾನ. ಅಮ್ಮನಿಗೆ ನಾಲ್ಕು ಬಕೆಟ್ ನೀರು ಹೊತ್ತುಕೊಟ್ಟು, ತಾನು ಎಲ್ಲಕ್ಕಿಂತ ಒಳಗಿನ ಬಿಸಿ ಕೋಣೆಯಲ್ಲಿ ಕಂಬದ ಹಿಂದೆ ಕೂತುಕೊಳ್ಳುವುದು ರೂಢಿ. ಹೀಗೇ ಒಂದು ಗುರುವಾರ ಕೂತಿದ್ದಳು. ತಲೆಗೂ ಮುಖಕ್ಕೂ ಗಸೂಲ್ ಮಣ್ಣು ಮೆತ್ತಿಕೊಂಡು ಒಣಗಲು ಬಿಟ್ಟಿದ್ದಳು. ಆಗ ನಡುಕೋಣೆಯಲ್ಲಿ ಗದ್ದಲ ಎದ್ದಿತು.

"ವೀಲಿ! ತೊಟ್ಟಿಗೇ ಕಾಲಿಟ್ಳು ನೋಡ್ರೇ!"

"ಎಲ್ಲರೂ ಮೊಗೆಯೋ ನೀರು ಕಣಮ್ಮಾ, ತೆಗಿ, ಕಾಲು ತೆಗಿ!"

ಕಂಬದ ಪಕ್ಕದಿಂದ ಇಣುಕಿದಳು. ಹಬೆಯ ನಡುವೆ, ಮೊಣಕಾಲಿನವರೆಗೆ ಈಜುಡುಗೆ ತೊಟ್ಟು, ಒಂದು ಕಾಲು ಬಿಸಿನೀರಿನ ತೊಟ್ಟಿಯೊಳಗೆ, ಇನ್ನೊಂದು ಹೊರಗೆ, ಕೈಯಲ್ಲಿ ಸೋಪಿನ ನೊರೆ, ಬೇಯಿಸಿದ ಸೀಗಡಿಯ ಹಾಗೆ ಕೆಂಪಗಾಗಿ ನಿಂತಿದ್ದವಳು ಮಿಸ್ ಲಾರೆಲ್.

ಗಿಜ್ಲಾನ್ ಸರಕ್ಕನೆ ತಲೆ ಒಳಗೆಳೆದುಕೊಂಡಳು.

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಪಾಪ, ಮಿಸ್ ಕೂಡ ನಗುತ್ತಿದ್ದಳು, ಯಾಕೆ ಅಂತ ಅವಳಿಗೆ ಗೊತ್ತಿರಲಿಲ್ಲ. ಯಮ್ನಾ ಬಂದು ಅವಳ ಮೊಣಕೈ ಹಿಡಿದು ಮಗುವನ್ನು ಇಳಿಸುವ ಹಾಗೆ ಇಳಿಸಿದಳು. ಕೆಳಗೆ ಚಾಪೆಯ ಮೇಲೆ ಕೂರಿಸಿದಳು. "ಕೂತ್ಕೋ ಬೆಂತಿ, ಕೂತ್ಕೋ. ಹೆದರ್ಬೇಡ." ಬೆಂತಿ ಅಂದರೆ ಮಗಳೇ. ಹಮ್ಮಾಮಿನಲ್ಲಿ ವಯಸ್ಸಾದವರಿಗೆ ಕಿರಿಯರೆಲ್ಲ ಬೆಂತಿಯೇ. ಮಿಸ್ ತನ್ನ ಹರಕು ಅರಬ್ಬಿಯಲ್ಲಿ ಏನೋ ಕೇಳಿದಳು, ಯಮ್ನಾಳಿಗೆ ತಿಳಿಯಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು. ಯಮ್ನಾಳ ಮುಖ ಅರಳಿತು. ಇಪ್ಪತ್ತು ವರ್ಷದ ಕೆಲಸದಲ್ಲಿ ಇಂಥ ಗಳಿಗೆ ಅವಳಿಗೆ ಬಂದದ್ದು ಇದೇ ಮೊದಲು.

"ಬೆಂತೀ!" ಅಂತ ಬಿಸಿ ಕೋಣೆಯ ಕಡೆ ತಿರುಗಿ ಕೂಗಿದಳು. ಗೋಡೆಗೆ ಬಡಿದು ಮೂರು ಸಲ ಕೇಳಿಸಿತು. "ಬೆಂತೀ, ಬಾರೇ ಇಲ್ಲಿ! ಈಯಮ್ಮ ಇಂಗ್ಲಿಷ್ ಆಡ್ತಿದಾಳೆ. ಬಂದು ಏನು ಬೇಕಂತೆ ಕೇಳು ಬಾ!"

ಗಿಜ್ಲಾನ್ ಅಲುಗಾಡಲಿಲ್ಲ. ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕಂಬಕ್ಕೆ ಅಂಟಿದಳು. ಬಿಳಿ ಕೋಟು. ಜೇಬಿನಲ್ಲಿ ನೀಲಿ ಪೆನ್ನು. ಮಿಸ್ಸಿನ ಕಣ್ಣಿನ ನೀರು, ಚಪ್ಪಾಳೆ. ಈಗ ಎದ್ದು ಹೋದರೆ ಅದೆಲ್ಲ ಮುಗಿದಂತೆ. ಮತ್ತೆ ಭೂಪಟ ನೋಡುತ್ತ ನಿಲ್ಲುವ ಹುಡುಗಿ ತಾನು.

"ಬೆಂತೀ! ಕಿವಿ ಕೇಳ್ಸಲ್ವೇನೇ?"

ನೀರು ಮೊಗೆಯುವ ನೆಪದಲ್ಲಿ ಯಮ್ನಾ ತಾನೇ ಒಳಗೆ ಬಂದಳು. ಕಂಬದ ಹಿಂದೆ ಬಗ್ಗಿ ನೋಡಿದಳು. ಮಗಳ ಮುಖದ ತುಂಬ ಬೂದು ಮಣ್ಣು, ನಡುವೆ ಎರಡು ಕಣ್ಣು ಮಾತ್ರ. ಗಿಜ್ಲಾನ್ ಬೆರಳನ್ನು ತುಟಿಯ ಮೇಲಿಟ್ಟಳು. ಬೇಡ ಅಂತ ತಲೆಯಾಡಿಸಿದಳು. ಸುಮ್ಮನೆ ಒಂದು ಸಲ ಅಲ್ಲ, ಮತ್ತೆ ಮತ್ತೆ, ಬೇಡಿಕೊಳ್ಳುವ ಹಾಗೆ.

ಯಮ್ನಾ ಓದು ಬಾರದವಳು, ದಡ್ಡಿಯಲ್ಲ. ಬೆತ್ತಲೆ ಹೆಂಗಸರ ಮುಖ ಓದುವುದೇ ಅವಳ ಕಸುಬು. ಹೊರಗೆ ಕೂತವಳು ಯಾರು ಅಂತ ಆ ಒಂದು ಕ್ಷಣದಲ್ಲಿ ಅವಳಿಗೆ ಹೊಳೆಯಿತು. ಮಗಳು ಮರೆಮಾಡುತ್ತಿರುವುದು ಏನನ್ನು ಅಂತಲೂ ಹೊಳೆಯಿತು. ಬಕೆಟ್ ತುಂಬಿಸಿಕೊಂಡಳು, ಎತ್ತಿಕೊಂಡಳು, ಹೋದಳು.

"ಇಲ್ಲ ಕಣ್ರೇ," ಅಂದಳು ಹೊರಗೆ. ದನಿ ಸಪ್ಪಗಿತ್ತು. "ಹೊರಟೋಗಿದಾಳೆ."

ಆಮೇಲೆ ಕೈಸನ್ನೆಯಲ್ಲೇ ಕೆಲಸ ಶುರುವಾಯಿತು. ಕಪ್ಪು ಸೋಪು ಹಚ್ಚಿ, ನೆನೆಸಿ, ಒರಟು ಕೈಗವಸು ತೊಟ್ಟು ಉಜ್ಜುವ ಸದ್ದು, ಮಗ್ಗುಲು ತಿರುಗು ಅಂತ ತೊಡೆಯ ಮೇಲೆ ತಟ್ಟುವ ಸದ್ದು. ಉದುರಿದ ಕೊಳೆ ನೋಡಿ ಮಿಸ್ ಕಿರುಚಿದ್ದೂ ಹೆಂಗಸರು ನಕ್ಕಿದ್ದೂ ಒಳಗೆ ಕೇಳಿಸುತ್ತಿತ್ತು. ಗಿಜ್ಲಾನಳ ಮುಖದ ಮಣ್ಣು ಒಣಗಿ ಬಿರಿಯತೊಡಗಿತು. ಬಿಸಿಗೆ ತಲೆ ಸುತ್ತುತ್ತಿತ್ತು. ಎದ್ದು ಹೋಗುವ ಹಾಗಿಲ್ಲ, ಇರುವುದು ಒಂದೇ ದಾರಿ, ಆ ದಾರಿಯಲ್ಲಿ ಇವರಿಬ್ಬರು.

ಸ್ವಲ್ಪ ಹೊತ್ತಾದ ಮೇಲೆ ಮಿಸ್ ಲಾರೆಲ್ಲಳ ಅರಬ್ಬಿ ಮತ್ತೆ ಕೇಳಿಸಿತು. ಈ ಸಲ ನಿಧಾನವಾಗಿ, ಪದ ಪದ ಹುಡುಕಿ: "ನಿಮ್ಮ ಕೈ... ತುಂಬ ಒಳ್ಳೇದು ಇದೆ. ನಿಮಗೆ ಮಕ್ಕಳು ಇದೆಯಾ?"

ಉಜ್ಜುವ ಸದ್ದು ನಿಂತಿತು.

"ಇಲ್ಲ," ಅಂದಳು ಯಮ್ನಾ. "ದೇವರು ಕೊಡ್ಲಿಲ್ಲ."

ಪಕ್ಕದಲ್ಲಿ ಕೂದಲು ತೊಳೆಯುತ್ತಿದ್ದ ಯಾರೋ "ಏನೇ ಯಮ್ನಾ, ಹುಚ್ಚಾ ನಿಂಗೆ..." ಅಂತ ಬಾಯಿ ತೆರೆದಳು. ಒಂದು ಚೊಂಬು ನೀರು ರಪ್ಪನೆ ನೆಲಕ್ಕೆ ಬಿದ್ದ ಸದ್ದಾಯಿತು. ಇಪ್ಪತ್ತು ಹೆಂಗಸರಿದ್ದ ಹಮ್ಮಾಮಿನಲ್ಲಿ ತೊಟ್ಟಿಗೆ ನೀರು ಸುರಿಯುವುದೊಂದೇ ಕೇಳಿಸುತ್ತಿತ್ತು.

ಗಿಜ್ಲಾನ್ ಮುಖದ ಮೇಲಿನ ಮಣ್ಣನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ತಾನು ಕೇಳಿಕೊಂಡದ್ದು ಇದನ್ನಲ್ಲ. ಬರೀ ಕರೆಯಬೇಡ ಅಂದದ್ದು, ಅಷ್ಟೇ. ಆದರೆ ಕೇಳಿಕೊಂಡದ್ದು ಇದನ್ನೇ ಅಂತ ಅವಳಿಗೂ ಗೊತ್ತಾಗಿತ್ತು.

ಮಿಸ್ ಹೋದ ಎಷ್ಟೋ ಹೊತ್ತಿನ ಮೇಲೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬಟ್ಟೆ ಕಾಯಲು ಬಾಗಿಲಲ್ಲಿ ಕೂರುವ ಮುದುಕಿ ಫತ್ತೂಮಾ ಇವಳ ಗಂಟನ್ನು ಕೊಡುವಾಗ, ಸ್ನಾನ ಮಾಡಿ ಬಂದವರಿಗೆಲ್ಲ ಹೇಳುವ "ಸಹ್ಹಾ" ಅನ್ನುವ ಹಾರೈಕೆಯನ್ನು ಹೇಳಲಿಲ್ಲ. "ಯಮ್ನಾಗೆ ಮಕ್ಕಳೇ ಇಲ್ವಂತಲ್ಲೇ," ಅಂದಳು. "ಹಂಗಾದ್ರೆ ಈ ಗಂಟು ಯಾರದ್ದು? ಯಾರಿಗೆ ಕೊಡ್ಲಿ?"

ಆ ಸಂಜೆ ಯಮ್ನಾ ಎಂದಿನ ಹಾಗೆ ಬಂದಳು, ನೆಂದು ಸುಕ್ಕಾದ ಬೆರಳುಗಳಲ್ಲಿ ರೊಟ್ಟಿ ಮುರಿದಳು, ಬೇಳೆಯ ಸಾರಿಗೆ ಜೀರಿಗೆ ಪುಡಿ ಉದುರಿಸಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಊಟ ಮುಗಿಯುವಾಗ ಒಂದೇ ಒಂದು ಮಾತು ಕೇಳಿದಳು.

"ಅಷ್ಟು ಹೊತ್ತು ಬಿಸೀಲಿ ಕೂತಿದ್ದೆ. ತಲೆ ಸುತ್ತಲಿಲ್ವಾ?"

"ಇಲ್ಲ," ಅಂದಳು ಗಿಜ್ಲಾನ್.

ಶುಕ್ರವಾರ ಓಣಿಯಲ್ಲಿ ಹೆಂಗಸರು ಮಾತು ನಿಲ್ಲಿಸಿ ಇವಳನ್ನು ದಾಟಲು ಬಿಟ್ಟರು. ನೆರೆಮನೆಯವಳು ಪ್ರತಿ ವಾರ ಕಳಿಸುವ ರವೆಯ ಕುಸ್ಕುಸ್ ತಟ್ಟೆ ಬಂತು. ತಂದ ಮಗುವಿಗೆ "ಯಮ್ನಾ ಕೈಗೇ ಕೊಡ್ಬೇಕು, ಬೇರೆ ಯಾರಿಗೂ ಕೊಡ್ಬೇಡ" ಅಂತ ಹೇಳಿಕಳಿಸಿದ್ದಳು. ಮಗು ಬಾಗಿಲಲ್ಲೇ ತಟ್ಟೆ ಹಿಡಿದು ನಿಂತಿತ್ತು, ಇವಳು ಕೈ ಚಾಚಿದರೆ ಕೊಡಲಿಲ್ಲ. ಎರಡು ವರ್ಷದ ಹಿಂದೆ ಆ ಮಗುವಿಗೆ ಜ್ವರ ಬಂದಾಗ ಇಡೀ ದಿನ ತೊಡೆಯ ಮೇಲೆ ಮಲಗಿಸಿಕೊಂಡಿದ್ದವಳು ಇವಳೇ.

ಶನಿವಾರ ಕ್ಲಾಸಿಗೆ ಹೊರಟಾಗ ಯಮ್ನಾ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿಟ್ಟಿದ್ದಳು. ಗಿಜ್ಲಾನ್ ಅದನ್ನು ಮೂಗಿಗೆ ಹಿಡಿದಳು. ಸೋಪಿನ ವಾಸನೆ ಬರಲೇ ಇಲ್ಲ. ಅಮ್ಮ ಅದನ್ನು ಅಂಗಡಿಯ ಪುಡಿಯಲ್ಲಿ ಒಗೆದು ಇಟ್ಟಿದ್ದಳು. ಯಾವತ್ತಿಂದ ಹೀಗೆ ಬೇರೆಯಾಗಿ ಒಗೆಯುತ್ತಿದ್ದಳೋ! ಈ ಮೂಗು ಹಿಡಿಯುವ ಸಂಕಟ ಅಮ್ಮನಿಗೆ ಗೊತ್ತಿಲ್ಲ ಅಂತ ತಾನು ಇಷ್ಟು ವರ್ಷ ಅಂದುಕೊಂಡಿದ್ದೆನಲ್ಲ ಅಂತ ಅವಳ ಮೈಯೆಲ್ಲ ಹಿಡಿಯಷ್ಟಾಯಿತು.

ಕ್ಲಾಸು ಶುರುವಾಗುವ ಮೊದಲು ಮಿಸ್ ಲಾರೆಲ್ ಅವಳನ್ನು ಪಕ್ಕಕ್ಕೆ ಕರೆದಳು. ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಪುಟ್ಟ ಪೊಟ್ಟಣ.

"ನಿಮ್ಮ ಮನೆ ಹಳೇ ಕೋಟೆಯೊಳಗೆ ತಾನೆ? ಸೇತುವೆ ಹತ್ತಿರದ ಹಮ್ಮಾಮಿನಲ್ಲಿ ಯಮ್ನಾ ಅಂತ ಒಬ್ಬರಿದ್ದಾರೆ. ಗೊತ್ತಾ?"

"ಗೊತ್ತು, ಮಿಸ್."

"ನಾನು ಅಲ್ಲಿ ಎಲ್ಲ ತಪ್ಪೇ ಮಾಡಿದೆ. ಅವರು ನನ್ನನ್ನು ತಾಯಿಯ ಹಾಗೆ ನೋಡಿಕೊಂಡರು. ಅವರ ಕೈಯೆಲ್ಲ ಬಿರಿದುಹೋಗಿದೆ, ಇದು ಕೈಗೆ ಹಚ್ಚುವ ಕ್ರೀಮು. ಅವರಿಗೆ ಮಕ್ಕಳಿಲ್ಲವಂತೆ, ಪಾಪ. ಹಚ್ಚಿಕೊಡುವವರೂ ಯಾರೂ ಇರಲಾರರು. ನೀನು ಕೊಟ್ಟು, ನನ್ನ ಪರವಾಗಿ ನಾಲ್ಕು ಒಳ್ಳೆಯ ಮಾತು ಹೇಳುತ್ತೀಯಾ?"

ಅವಳು ನನ್ನ ತಾಯಿ. ಇಂಗ್ಲಿಷಿನಲ್ಲಿ ಅಷ್ಟು ಹೇಳಲು ಎಷ್ಟು ಹೊತ್ತು ಬೇಕು? ಮೊದಲ ವಾರವೇ ಕಲಿಸಿದ ಪದಗಳು. ಒಂದು ನಿಮಿಷ ನಿಲ್ಲದೆ ಮಾತಾಡಬಲ್ಲ ಹುಡುಗಿ "ಆಗಲಿ, ಮಿಸ್" ಅಂದಳು. ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡಳು. ಥೂ ನನ್ನ ಜನ್ಮಕ್ಕೆ ಅಂತ ತನ್ನನ್ನೇ ಬೈದುಕೊಳ್ಳುತ್ತ ಹೋಗಿ ಕೂತಳು.

ಅವತ್ತಿನ ವಿಷಯ, ಈ ವಾರ ನಾನು ಮಾಡಿದ ಒಂದು ಕೆಲಸ. ಒಬ್ಬ ಸೈಕಲ್ ರಿಪೇರಿ ಮಾಡಿದ್ದ. ವಿಯಾಮ್ ಅಜ್ಜಿಯ ಜೊತೆ ಆಸ್ಪತ್ರೆಗೆ ಹೋಗಿದ್ದಳು. ಗಿಜ್ಲಾನಳ ಸರದಿ ಬಂತು. ಮಿಸ್ ಉತ್ಸಾಹದಿಂದ ಗಡಿಯಾರ ತಿರುಗಿಸಿದಳು. ಈಗೀಗ ಇವಳೇ ಆ ಕ್ಲಾಸಿನ ಹೆಮ್ಮೆ.

ಎದ್ದು ನಿಂತಳು. ಹೆಸರು ಹೇಳಿದಳು. ಊರು ಹೇಳಿದಳು. ಕಣ್ಣು ಭೂಪಟದ ಕಡೆ ಹೊರಳಿತು. ಕಷ್ಟಪಟ್ಟು ಅದನ್ನು ಮಿಸ್ಸಿನ ಮುಖಕ್ಕೆ ತಂದಳು.

"ನಮ್ಮ ತಾಯಿ ಕ್ಲಿನಿಕ್ಕಿನಲ್ಲಿ ಇಲ್ಲ," ಅಂದಳು. "ನಮ್ಮ ತಾಯಿಯ ಹೆಸರು ಯಮ್ನಾ. ಅವರು ಹಮ್ಮಾಮಿನಲ್ಲಿ ಮೈ ಉಜ್ಜುತ್ತಾರೆ. ಬಿಳಿ ಕೋಟು ಇಲ್ಲ. ಅವರಿಗೆ ಒಂದು ಮಗು ಇದೆ. ಅದು ನಾನು."

ಹಿಂದಿನ ಬೆಂಚಿನ ಒಬ್ಬ ಹುಡುಗ ಖೊಕ್ ಅಂತ ನಕ್ಕ, ವಿಯಾಮ್ ತಿರುಗಿ ಅವನ ಕಾಲಿಗೆ ಒದ್ದಳು. ಮಿಸ್ ಲಾರೆಲ್ಲಳ ಬಿಳಿಯ ಮುಖಕ್ಕೆ ಕೊರಳಿನಿಂದ ಮೇಲಕ್ಕೆ ಕೆಂಪು ಏರಿತು.

"ಆದರೆ ಅವರೇ ಹೇಳಿದರಲ್ಲ," ಅಂದಳು ಮೆಲ್ಲಗೆ, "ಮಕ್ಕಳಿಲ್ಲ ಅಂತ. ಯಾಕೆ ಹಾಗಂದರು?"

"ನಾನು ಅಲ್ಲೇ ಇದ್ದೆ. ಕಂಬದ ಹಿಂದೆ. ನನ್ನನ್ನು ಕರೆದರು. ನಾನು ಬೇಡ ಅಂದೆ." ಮುಂದಿನ ಮಾತಿಗೆ ಬೇಕಾದ ಪದಗಳೆಲ್ಲ ಅವಳಿಗೆ ಗೊತ್ತಿದ್ದವು. ಒಂದಾದ ಮೇಲೊಂದು ಇಟ್ಟಳು. "ಆ ಮಾತು ಅವರ ಬಾಯಲ್ಲಿ ಬಂತು. ಹೇಳಿಸಿದವಳು ನಾನು."

ಅಲ್ಲಿಗೆ ಮಾತು ಮುಗಿಯಿತು, ಮರಳು ಮುಗಿದಿರಲಿಲ್ಲ. ಇನ್ನೂ ಅರ್ಧದಷ್ಟು ಮೇಲೆಯೇ ಇತ್ತು. ಕೂತುಕೋ ಅಂತ ಮಿಸ್ ಕೈಯಲ್ಲಿ ಸನ್ನೆ ಮಾಡಿದಳು. ಗಿಜ್ಲಾನ್ ಕೂರಲಿಲ್ಲ. ಕಣ್ಣೀರು ಗಲ್ಲದ ಮೇಲಿಂದ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಬೀಳುತ್ತಿದ್ದರೂ ಒರೆಸಿಕೊಳ್ಳದೆ, ಎಲ್ಲರೂ ನೋಡಲಿ ಅಂತ, ಕೊನೆಯ ಮರಳು ಇಳಿಯುವ ತನಕ ನಿಂತೇ ಇದ್ದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚೆನ್ನಾಗಿ ನಿಂತೆ ಅಂತಲೂ ಮಿಸ್ ಅನ್ನಲಿಲ್ಲ.

ಕ್ಲಾಸು ಮುಗಿಯುತ್ತಲೇ ಓಡಿದಳು. ಸೇತುವೆ ದಾಟಿ ಹಮ್ಮಾಮಿನ ಬಾಗಿಲು ನೂಕಿದಳು. "ಏಯ್, ಚಪ್ಪಲಿ! ಬಟ್ಟೆ!" ಅಂತ ಫತ್ತೂಮಾ ಕೂಗುತ್ತಲೇ ಇದ್ದಳು. ಚಪ್ಪಲಿ ಕಳಚಿ ಎಸೆದು, ಅಂಗಿ, ಲಂಗ, ಹೆಗಲ ಚೀಲದ ಸಮೇತ ನಡುಕೋಣೆಯೊಳಗೆ ಹೋಗಿ ನಿಂತಳು. ಶನಿವಾರದ ಸಂಜೆ, ಜನ ಕಿಕ್ಕಿರಿದಿದ್ದರು. ಗೋಡೆಯ ಪಕ್ಕ ಯಮ್ನಾ ಯಾರದೋ ಬೆನ್ನಿನ ಮೇಲೆ ಬಗ್ಗಿ ಉಜ್ಜುತ್ತಿದ್ದಳು.

"ಅಮ್ಮಾ!"

ಗೋಡೆಗೆ ಬಡಿದು ಮೂರು ಸಲ ಕೇಳಿಸಿತು. ಚೊಂಬುಗಳೆಲ್ಲ ನಿಂತವು. ಯಮ್ನಾ ತಲೆ ಎತ್ತಲಿಲ್ಲ.

"ಯಾರನ್ನ ಕರೀತಿದೀಯಮ್ಮ?" ಅಂದಳು. "ಮಕ್ಕಳಿರೋ ಹೆಂಗಸರು ಇಲ್ಲಿ ಬೇಕಾದಷ್ಟು ಜನ ಇದಾರೆ."

ತಮಾಷೆಯ ದನಿಯಲ್ಲ ಅದು. ಎರಡು ದಿನ ನುಂಗಿಕೊಂಡಿದ್ದದ್ದು ಅಷ್ಟೂ ಅದರಲ್ಲಿತ್ತು.

"ಯಮ್ನಾನ ಕರೀತಿದೀನಿ," ಅಂದಳು. ಎಲ್ಲರಿಗೂ ಕೇಳುವ ಹಾಗೆ, ಇನ್ನಷ್ಟು ಜೋರಾಗಿ. "ಮೈ ಉಜ್ಜೋ ಯಮ್ನಾನ. ನಮ್ಮಮ್ಮನ್ನ. ಮಿಸ್ಸಿಗೂ ಹೇಳ್ ಬಂದೆ. ಕ್ಲಾಸಲ್ಲಿ ಎಲ್ರಿಗೂ ಹೇಳ್ ಬಂದೆ."

ಯಮ್ನಾಳ ಕೈ ಆ ಹೆಂಗಸಿನ ಬೆನ್ನಿನ ನಡುವೆ ನಿಂತುಬಿಟ್ಟಿತು. ಕೆಳಗೆ ಮಲಗಿದ್ದವಳು "ಆಯ್ತು ಬಿಡೇ ಯಮ್ನಾ, ಕೂಸು ನಿಂತ್ಕೊಂಡು ನೆನೀತಿದೆ" ಅಂದಳು. ಆಗ ಯಮ್ನಾ ತಲೆ ಎತ್ತಿ ಮಗಳನ್ನು ಮೇಲಿಂದ ಕೆಳಗೆ ನೋಡಿದಳು.

"ಇಸ್ತ್ರಿ ಮಾಡಿದ ಅಂಗಿ ಕಣೇ ಅದು," ಅಂದಳು. "ಹೋಗಿ ಬಿಚ್ಚಿಟ್ಟು ಬಾ."

ಬಿಚ್ಚಿ, ಮಿಸ್ ಕೊಟ್ಟ ಪೊಟ್ಟಣವಿದ್ದ ಚೀಲದ ಜೊತೆ ಇಟ್ಟು ಬಂದಳು. ಸರದಿಯಲ್ಲಿ ಕೂತಳು, ತನಗಿಂತ ಮುಂದೆ ಮೂವರಿದ್ದರು. ಸರದಿ ಬಂದಾಗ ಚಾಪೆಯ ಮೇಲೆ ಬೋರಲು ಮಲಗಿದಳು. ಚಿಕ್ಕವಳಿದ್ದಾಗ ಅಮ್ಮನ ಕೈಗೆ ಬೆನ್ನು ಕೊಟ್ಟಿದ್ದಷ್ಟೇ, ಆಮೇಲೆ ನಾಚಿಕೆಯಾಗಿ ತಾನೇ ಉಜ್ಜಿಕೊಳ್ಳುತ್ತಿದ್ದಳು. ಯಮ್ನಾ ಕಪ್ಪು ಸೋಪನ್ನು ಧಾರಾಳವಾಗಿ ಹಚ್ಚಿದಳು. ಕೈಗವಸು ತೊಟ್ಟಳು. ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಎಳೆತ, ಮತ್ತೆ ಸೊಂಟದಿಂದ ಕುತ್ತಿಗೆಗೆ. ಬೇರೆ ಯಾರಿಗೂ ಅಷ್ಟು ಒತ್ತಿ ಉಜ್ಜಿದ್ದನ್ನು ಕೇರಿಯವರು ನೋಡಿರಲಿಲ್ಲ. ಚರ್ಮ ಉರಿಯಿತು. ಗಿಜ್ಲಾನ್ ಚಾಪೆಯ ಅಂಚು ಕಚ್ಚಿಕೊಂಡಳು. ಸಾಕು ಅನ್ನಲಿಲ್ಲ.

"ನೋಯ್ತಿದೆಯಾ?" ಅಂತ ಕೇಳಿದಳು ಯಮ್ನಾ.

"ಹ್ಞೂಂ."

"ನೋಯ್ಲಿ," ಅಂದಳು ಯಮ್ನಾ, ಮಗ್ಗುಲು ತಿರುಗು ಅಂತ ತೊಡೆಯ ಮೇಲೆ ತಟ್ಟಿದಳು.